ಪಿನ್ ಮಿಲ್‌ನಿಂದ ವಾಲ್ಟನ್‌ಗೆ: ಹಾಯಿ ಏರಿಸುವ ಮೊದಲು ತಿಥಿ ನೋಡಿ

ಇಂಗ್ಲೆಂಡಿನ ಸಫೋಕ್‌ನಲ್ಲಿ ಆರ್ವೆಲ್ ನದಿ ಇದೆ. ಇಪ್ಸ್‌ವಿಚ್ ಕಡೆಯಿಂದ ಬಂದು ಹಾರ್ವಿಚ್ ಹತ್ತಿರ ಸಮುದ್ರ ಸೇರುತ್ತದೆ. ಅದರ ದಂಡೆಯ ಪಿನ್ ಮಿಲ್‌ನಲ್ಲಿ ನನ್ನ ದೋಣಿ ನಿಲ್ಲುತ್ತದೆ. ವೆಸ್ಟರ್ಲಿ ಸೆಂಟಾರ್, 26 ಅಡಿ ಉದ್ದ, ಅಡಿಯಲ್ಲಿ ಎರಡು ಕೀಲ್, ಅಂದರೆ ರೆಕ್ಕೆಯಂತೆ ಕೆಳಗೆ ಚಾಚಿದ ಭಾರದ ಹಲಗೆಗಳು. ಮೂರಡಿ ನೀರಿದ್ದರೆ ತೇಲುತ್ತದೆ. ನಮ್ಮ ಕ್ಲಬ್‌ಗೆ ಹೊಸದಾಗಿ ಸೇರಿದ ಕನ್ನಡದ ಗಂಡ ಹೆಂಡತಿ ಮೊನ್ನೆ ಕೇಳಿದರು: "ಅಣ್ಣ, ಮೊದಲ ಸಲ ದೋಣಿಯಲ್ಲೇ ರಾತ್ರಿ ಕಳೆಯಲು ಎಲ್ಲಿಗೆ ಹೋಗೋಣ?" ವಾಲ್ಟನ್ ಬ್ಯಾಕ್‌ವಾಟರ್ಸ್‌ಗೆ ಹೋಗಿ ಎಂದೆ. ಅದು ಹಾರ್ವಿಚ್‌ನ ದಕ್ಷಿಣಕ್ಕಿರುವ ಹಿನ್ನೀರು. ಹೇಗೆ ಹೋಗಬೇಕು ಎಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಶನಿವಾರ ಯಾವುದು ಎಂದು ಆರಿಸಿ. ನಾನು ಗಂಗೊಳ್ಳಿಯವನು. ಅಳಿವೆ ಬಾಗಿಲು ಯಾವಾಗ ದಾಟಬೇಕು ಎಂದು ಅಪ್ಪಯ್ಯ ತಿಥಿ ಲೆಕ್ಕ ಹಾಕಿಯೇ ಹೇಳುತ್ತಿದ್ದರು. ಆ ಲೆಕ್ಕ ಇಲ್ಲೂ ನಡೆಯುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಎರಡು ದಿನಕ್ಕೆ ದೊಡ್ಡ ಉಬ್ಬರ. ಅದು ಸ್ಪ್ರಿಂಗ್. ಅಷ್ಟಮಿ ಕಳೆದ ಎರಡು ದಿನಕ್ಕೆ ಸಣ್ಣ ಉಬ್ಬರ. ಅದು ನೀಪ್. ಹಾರ್ವಿಚ್‌ನಲ್ಲಿ ಸ್ಪ್ರಿಂಗ್ ದಿನ ನೀರು ಸುಮಾರು 3.6 ಮೀಟರ್ ಏರಿ ಇಳಿಯುತ್ತದೆ, ನೀಪ್ ದಿನ 2.3 ಮೀಟರ್. ನಮ್ಮೂರಿನ ದೊಡ್ಡ ಉಬ್ಬರ ಕೂಡ ಇಲ್ಲಿನ ಅರ್ಧದಷ್ಟೇ. ಹಾಗಾಗಿ ಊರಿನ ಅನುಭವ ಇದೆ ಎಂದು ಇಲ್ಲಿನ ಸೆಳೆತವನ್ನು ಹಗುರವಾಗಿ ನೋಡಬೇಡಿ.

ಹೊಸಬರಿಗೆ ನೀಪ್ ಒಳ್ಳೆಯದು. ಸೆಳೆತ ಕಡಿಮೆ, ಅದೊಂದು ಕಾರಣ. ಇನ್ನೊಂದು, ಹಾರ್ವಿಚ್‌ನಲ್ಲಿ ನೀಪ್ ದಿನಗಳಲ್ಲಿ ನೀರು ಪೂರ್ತಿ ಇಳಿಯುವುದು ಮಧ್ಯಾಹ್ನದ ಆಸುಪಾಸಿನಲ್ಲಿ. ಬೆಳಿಗ್ಗೆ ಇಳಿತದ ಜೊತೆ ಹೊರಟು, ಮಧ್ಯಾಹ್ನ ಏರುವ ನೀರಿನಲ್ಲಿ ಒಳಗೆ ಹೋಗಬಹುದು. ಆಳವಿಲ್ಲದ ಜಾಗಕ್ಕೆ ಯಾವಾಗಲೂ ಏರುವ ನೀರಿನಲ್ಲೇ ಹೋಗಬೇಕು. ಆಗ ಕೆಸರಿಗೆ ಸಿಕ್ಕಿಕೊಂಡರೂ ನೀರೇ ಎತ್ತಿ ಬಿಡುತ್ತದೆ. ಇಳಿಯುವ ನೀರಿನಲ್ಲಿ ಸಿಕ್ಕಿಕೊಂಡರೆ ಗಂಟೆಗಟ್ಟಲೆ ಕೂರಬೇಕು. ನೀಪ್‌ಗೆ ಮುಂಚಿನ ದಿನಗಳಲ್ಲಿ, ತುಂಬಿದ ಉಬ್ಬರದಲ್ಲಿ ಸಿಕ್ಕಿಕೊಂಡರೆ ಇನ್ನೂ ಕಷ್ಟ. ಮರುದಿನದ ಉಬ್ಬರ ಅಷ್ಟು ಎತ್ತರಕ್ಕೆ ಬರುವುದೇ ಇಲ್ಲ.

ಈಗ ಲೆಕ್ಕವನ್ನು ಹಿಂದಿನಿಂದ ಹಾಕಿ. ಉಬ್ಬರ ಇಳಿತದ ಪಟ್ಟಿ, ಅಂದರೆ ಟೈಡ್ ಟೇಬಲ್‌ನಲ್ಲಿ ಲೋ ವಾಟರ್ (ನೀರು ಪೂರ್ತಿ ಇಳಿಯುವ ಹೊತ್ತು) 11:50 ಎಂದಿದೆ ಅಂದುಕೊಳ್ಳಿ. ಟೇಬಲ್ ಗ್ರೀನ್‌ವಿಚ್ ಸಮಯದಲ್ಲಿದ್ದರೆ ಬೇಸಿಗೆಯಲ್ಲಿ ಒಂದು ಗಂಟೆ ಸೇರಿಸಬೇಕು. ಅಂದರೆ 12:50. ನಾನು ಎರಡನೇ ವರ್ಷ ಇದನ್ನು ಸೇರಿಸಲಿಲ್ಲ. ನೀರು ಏರುತ್ತಿದೆ ಎಂದುಕೊಂಡು ಒಳಗೆ ನುಗ್ಗಿದೆ. ಇನ್ನೂ ಒಂದು ಗಂಟೆಯ ಇಳಿತ ಬಾಕಿ ಇತ್ತು. ದೋಣಿ ಕೆಸರಿನಲ್ಲಿ ಕೂತಿತು, ಮತ್ತೆ ತೇಲಲು ಎರಡು ಗಂಟೆ ಬೇಕಾಯಿತು. ಎರಡು ಕೀಲ್ ಇದ್ದುದರಿಂದ ನೆಟ್ಟಗೆ ನಿಂತಿತ್ತು, ಇಲ್ಲದಿದ್ದರೆ ಮಗುಚಿ ಮಲಗುತ್ತಿತ್ತು. ಒಳಗೆ ನನ್ನ ಮಗಳಿದ್ದಳು, ಆಗ ಆರು ವರ್ಷ. ಆ ಎರಡು ಗಂಟೆ ನನಗೆ ಇವತ್ತಿಗೂ ನೆನಪಿದೆ. ಟೇಬಲ್ ಯಾವ ಸಮಯದಲ್ಲಿದೆ ಎಂದು ನೋಡಿ, ಗಡಿಯಾರದ ಸಮಯವನ್ನು ದೊಡ್ಡದಾಗಿ ಕಾಗದದಲ್ಲಿ ಬರೆದು ಚುಕ್ಕಾಣಿ ಹತ್ತಿರ ಅಂಟಿಸಿ.

ವಾಲ್ಟನ್‌ಗೆ ಒಳಹೋಗುವ ದಾರಿ ಶುರುವಾಗುವುದು ಪೈ ಎಂಡ್ ಬೋಯಾದಿಂದ. ಬೋಯಾ ಅಂದರೆ ನೀರಿನಲ್ಲಿ ತೇಲುವ ಗುರುತು. ಪಿನ್ ಮಿಲ್‌ನಿಂದ ಅಲ್ಲಿಗೆ ಸುಮಾರು ಎಂಟು ಸಮುದ್ರ ಮೈಲಿ. ನಾಲ್ಕು ನಾಟ್ (ಗಂಟೆಗೆ ನಾಲ್ಕು ಸಮುದ್ರ ಮೈಲಿ) ವೇಗ, ಜೊತೆಗೆ ಇಳಿತದ ಸಹಾಯ. ಹನ್ನೊಂದಕ್ಕೆ ಹೊರಟರೆ ಒಂದರ ಹೊತ್ತಿಗೆ ಅಲ್ಲಿರುತ್ತೀರಿ. ಗಾಳಿ ಪೂರ್ವದಿಂದ ಜೋರಾಗಿದ್ದರೆ ಹೋಗಲೇಬೇಡಿ. ಹೊರಗೆ ಹರಿಯುವ ನೀರಿಗೆ ಎದುರು ಗಾಳಿ ಬಡಿದರೆ ಬಂದರಿನ ಬಾಯಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಗಾಳಿಯ ಬೋಫೋರ್ಟ್ ಅಳತೆಯಲ್ಲಿ ಫೋರ್ಸ್ ನಾಲ್ಕು ದಾಟಿದರೆ ಮೊದಲ ಸಲಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹೊರಡುವ ಮುಂಚೆ ದಡದಲ್ಲಿರುವ ಒಬ್ಬರಿಗೆ ಎಲ್ಲಿಗೆ, ಎಷ್ಟು ಗಂಟೆಗೆ ತಲುಪುತ್ತೇವೆ ಎಂದು ಹೇಳಿರಿ. ದಡದಿಂದ ದೋಣಿಗೆ ಹೋಗುವ ಸಣ್ಣ ಡಿಂಗಿ ಹತ್ತುವಾಗಲೇ ಲೈಫ್‌ಜಾಕೆಟ್ ಹಾಕಿಕೊಳ್ಳಿ.

ನದಿಯಲ್ಲಿ ಕಷ್ಟವಿಲ್ಲ. ನದಿಯ ಬಾಯಲ್ಲಿರುವ ಶಾಟ್ಲಿ ದಾಟಿದ ಮೇಲೆ ಎಚ್ಚರ ಬೇಕು. ಎದುರಿಗೆ ಫೆಲಿಕ್ಸ್‌ಸ್ಟೋವ್, ಬ್ರಿಟನ್ನಿನ ಅತಿ ದೊಡ್ಡ ಕಂಟೇನರ್ ಬಂದರು. ಅಲ್ಲಿಗೆ 400 ಮೀಟರ್ ಉದ್ದದ ಹಡಗುಗಳು ಬರುತ್ತವೆ. ಅವು ನಿಮಗಾಗಿ ತಿರುಗಲಾರವು, ನಿಲ್ಲಲೂ ಆರವು. ಆಳದ ಚಾನೆಲ್‌ನಿಂದ ಹೊರಗೆ, ಹಾರ್ವಿಚ್ ಬದಿಯಲ್ಲಿ, ಚಾರ್ಟ್‌ನಲ್ಲಿ ತೋರಿಸಿದ ಯಾಟ್ ದಾರಿಯಲ್ಲೇ ಹೋಗಿ. ವಿಎಚ್‌ಎಫ್ ರೇಡಿಯೋದಲ್ಲಿ ಬಂದರಿನ ಚಾನೆಲ್ 71 ಕೇಳಿಸಿಕೊಳ್ಳುತ್ತಿರಿ. ಸುಮ್ನೆ ಮಾತಾಡಲು ಹೋಗಬೇಡಿ, ಯಾವ ಹಡಗು ಹೊರಡುತ್ತಿದೆ ಎಂದು ತಿಳಿದರೆ ಸಾಕು.

ಹೊರಗೆ ಬಂದ ಕೂಡಲೇ ಬಲಕ್ಕೆ ದೂರದಲ್ಲಿ ನೇಜ್ ಗೋಪುರ ಕಾಣುತ್ತದೆ. 1720ರಲ್ಲಿ ನಾವಿಕರಿಗಾಗಿಯೇ ಕಟ್ಟಿದ್ದು. ನೇರ ಅದರ ಕಡೆ ತಿರುಗಿಬಿಡೋಣ ಅನಿಸುತ್ತದೆ. ತಿರುಗಬೇಡಿ. ಮಧ್ಯದಲ್ಲಿ ಮರಳು ದಿಬ್ಬ ಇದೆ. ಕೆಂಪು ಬಿಳಿ ಪಟ್ಟೆಯ ಪೈ ಎಂಡ್ ಬೋಯಾವರೆಗೂ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಕಾಯಿರಿ. ನೀರು ಏರಲು ಶುರುವಾಗಿ ಮುಕ್ಕಾಲು ಗಂಟೆಯಾದ ಮೇಲೆ ನೈಋತ್ಯಕ್ಕೆ ತಿರುಗಿ, ಬೋಯಾದಿಂದ ಬೋಯಾಗೆ ಒಳಗೆ ಬನ್ನಿ. ಆಳ ತೋರಿಸುವ ಡೆಪ್ತ್ ಸೌಂಡರ್ ನೋಡುತ್ತಲೇ ಇರಿ.

ಎಡಕ್ಕೆ ವಾಲ್ಟನ್ ಚಾನೆಲ್, ಅದರ ಬಾಯಲ್ಲೇ ಸ್ಟೋನ್ ಪಾಯಿಂಟ್. ಅಲ್ಲಿ ಲಂಗರು ಹಾಕುವಾಗ ಆ ಕ್ಷಣದ ಆಳ ನೋಡಿದರೆ ಸಾಲದು. ಈಗ ಮೂರು ಮೀಟರ್ ಇದೆ, ಇನ್ನೂ ಎರಡು ಮೀಟರ್ ಏರಲಿದೆ ಎಂದರೆ ಐದರ ಲೆಕ್ಕ. ಅದರ ನಾಲ್ಕು ಪಟ್ಟು, 20 ಮೀಟರ್ ಸರಪಳಿ ಬಿಡಿ. ರಾತ್ರಿ ಇಳಿತದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನೂ ನೋಡಿ. ಲಂಗರು ಹಾಕಿದ್ದೇವೆ ಎಂದು ಬೇರೆ ದೋಣಿಗಳಿಗೆ ತೋರಿಸಲು ಹಗಲು ಕಪ್ಪು ಚೆಂಡು ತೂಗುಹಾಕಿ, ಕತ್ತಲಾದರೆ ಲಂಗರಿನ ದೀಪ. ಕತ್ತಲಾಗುವ ಮುಂಚೆ ಹ್ಯಾಮ್‌ಫೋರ್ಡ್ ವಾಟರ್ ಕಡೆ ಕಣ್ಣು ಹಾಯಿಸಿ, ಕೆಸರಿನ ಮೇಲೆ ಸೀಲ್‌ಗಳು ಮಲಗಿರುತ್ತವೆ. ಕೆಸರಿನ ಕಬ್ಬಿಣದಿಂದ ಅವುಗಳ ಮೈ ಕೆಂಪಾಗಿರುತ್ತದೆ. ನಮ್ಮೂರಿನ ಜಂಬಿಟ್ಟಿಗೆ ಬಣ್ಣ! ಹತ್ತಿರ ಹೋಗಿ ಹೆದರಿಸಬೇಡಿ.

ನೀಪ್ ಹೊತ್ತಿನಲ್ಲಿ ಮರುದಿನ ಲೋ ವಾಟರ್ ಒಂದು ಗಂಟೆ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ತಡ. ಹಾಗಾಗಿ ಭಾನುವಾರ ಮಧ್ಯಾಹ್ನ ಮೂರೂವರೆಗೆ, ನೀರು ಏರುವಾಗ ಲಂಗರು ಎತ್ತಿ. ಪೈ ಎಂಡ್‌ವರೆಗೆ ಸೆಳೆತ ಎದುರು, ತಾಳ್ಮೆ ಇರಲಿ. ಹಾರ್ವಿಚ್ ಒಳಗೆ ಬಂದ ಮೇಲೆ ಅದೇ ಸೆಳೆತ ನಿಮ್ಮನ್ನು ಪಿನ್ ಮಿಲ್‌ವರೆಗೆ ಹೊತ್ತು ತರುತ್ತದೆ.

ಮೂರಿಂಗ್, ಅಂದರೆ ದೋಣಿ ಕಟ್ಟುವ ಬೋಯಾ, ಹಿಡಿಯುವುದು ಸೆಳೆತಕ್ಕೆ ಮುಖ ಮಾಡಿಯೇ. ಮೊದಲು ಬೋಯಾ ದಾಟಿ ಮುಂದೆ ಹೋಗಿ ತಿರುಗಿ. ಗಾಳಿಯೂ ಎದುರಿನಿಂದಲೇ ಇದ್ದರೆ ದೊಡ್ಡ ಹಾಯಿಯಲ್ಲೇ ಬನ್ನಿ. ಗಾಳಿ ಬೆನ್ನಿಗಿದ್ದರೆ ದೊಡ್ಡದನ್ನು ಮುಂಚೆಯೇ ಇಳಿಸಿ, ಮುಂದಿನ ಸಣ್ಣ ಹಾಯಿಯಲ್ಲಿ ಮೆಲ್ಲಗೆ ಬನ್ನಿ. ಬೋಯಾ ಕೈಗೆ ಸಿಕ್ಕ ತಕ್ಷಣ ಅದನ್ನೂ ಸುತ್ತಿಬಿಡಿ.