ಮಗಳ ಹಲ್ಲು ಬೆಳ್ಳಗೆ ಬಂದವು: ಫ್ಲೋರೈಡ್ ನೀರಿನ ಊರಲ್ಲಿ ನನ್ನ ಅನುಭವ

ಜಗಳೂರು ತಾಲ್ಲೂಕಿನ ನಮ್ಮೂರಲ್ಲಿ ಏಳೆಂಟು ವರ್ಷ ದಾಟಿದ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಬೋರ್ ನೀರಿನ ಫ್ಲೋರೈಡ್ ಬಿಟ್ಟ ಕಂದು ಗೆರೆ ಕಾಣುತ್ತದೆ. ನನ್ನ ಮಗನಿಗೂ ಇದೆ. 2015ರಲ್ಲಿ ಹುಟ್ಟಿದ ಮಗಳಿಗೆ ಇಲ್ಲ. ಒಂದೇ ಬೀದಿ, ಒಂದೇ ಬೋರ್‌ವೆಲ್. ಅವಳ ಓರಗೆಯ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿದವರು ಈಗ ನಮ್ಮ ಮಳೆನೀರಿನ ಸಂಪಿನ ಅಳತೆ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಬೋರ್ 600 ಅಡಿಗಿಂತ ಆಳವಿದೆ. ನೀರಲ್ಲಿ ಫ್ಲೋರೈಡ್ ಲೀಟರಿಗೆ ಹೆಚ್ಚುಕಡಿಮೆ 3 ಮಿಲಿಗ್ರಾಂ. 1ರೊಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಜಾಸ್ತಿಯಾಗುತ್ತದೆ. ಇದೆಲ್ಲ ನಿಮಗೆ ಗೊತ್ತಿರುವುದೇ.

ಮೊದಲು ನಂಬಿದ್ದು ಫ್ಲೋರೈಡ್ ಹಿಡಿಯುವ ಅಲ್ಯುಮಿನಾ ಫಿಲ್ಟರನ್ನು. ಮೂರು ಸಾವಿರದ ಆಸುಪಾಸು ಕೊಟ್ಟೆ. ಎರಡು ತಿಂಗಳು ಚೆನ್ನಾಗಿತ್ತು, ಆಮೇಲೆ ಫ್ಲೋರೈಡ್ ನೋಡುವ ಕಿಟ್‌ನಲ್ಲಿ ಬಣ್ಣ ಮತ್ತೆ ಹಳದಿಗೆ ತಿರುಗಿತು, ಅಂದರೆ ಫ್ಲೋರೈಡ್ ಮತ್ತೆ ಬರತೊಡಗಿತು. ಅದಕ್ಕೆ ಮತ್ತೆ ಜೀವ ಬರಬೇಕಾದರೆ ಕಾಸ್ಟಿಕ್ ಸೋಡಾ, ಆಮೇಲೆ ಆಸಿಡ್. ಮಕ್ಕಳಿರುವ ಮನೆಯಲ್ಲಿ ಅದನ್ನು ಯಾರು ಮಾಡುತ್ತಾರೆ? ಮಾರಿದವನು ಫೋನ್ ಎತ್ತಲಿಲ್ಲ. ನಂತರ ಪಟಿಕ, ಸುಣ್ಣದ ನಲ್ಗೊಂಡ ವಿಧಾನ. ಖರ್ಚು ಏನೇನೂ ಇಲ್ಲ, ಆದರೆ ದಿನಾ ಕಲಕಬೇಕು, ತಿಳಿಯಾಗುವ ತನಕ ಕಾಯಬೇಕು, ತಳದ ರಾಡಿ ಎಸೆಯಬೇಕು. ನಮ್ಮ ನೀರಿಗೆ ಪಟಿಕ ಸಿಕ್ಕಾಪಟ್ಟೆ ಬೇಕಾಗಿ ರುಚಿ ಕೆಟ್ಟಿತು. ನನ್ನ ಹೆಂಡತಿ ಒಂದು ತಿಂಗಳು ಮಾಡಿ ಕೈಬಿಟ್ಟಳು. ಅವಳ ತಪ್ಪಿಲ್ಲ, ಅದು ಹೊಲಕ್ಕೂ ಹೋಗುವ ಹೆಂಗಸು ಮಾಡುವ ಕೆಲಸವೇ ಅಲ್ಲ.

ಐದು ರೂಪಾಯಿ ನಾಣ್ಯ ಹಾಕುವ ಶುದ್ಧ ನೀರಿನ ಘಟಕ ಬಂತು. ಎಲ್ಲರೂ ಕ್ಯಾನ್ ತಂದರು. ಆದರೆ ಕುಡಿಯಲು ಮಾತ್ರ! ಅನ್ನ, ಬೇಳೆ, ಮುದ್ದೆಗೆ ಅದೇ ಬೋರ್ ನೀರು. ಮುದ್ದೆಯ ಎಸರು ಪೂರ್ತಿ ಹಿಟ್ಟಿನೊಳಗೇ ಹೋಗುತ್ತದೆ ಅಲ್ವಾ? ಮೂಳೆ ಸೇರುವ ಫ್ಲೋರೈಡಿಗೆ ಲೋಟದ ದಾರಿಯೂ ಒಂದೇ, ತಟ್ಟೆಯ ದಾರಿಯೂ ಒಂದೇ. ಘಟಕವೂ ಬೇಸಿಗೆಯಲ್ಲಿ ಕೆಟ್ಟು ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು.

2014ರಲ್ಲಿ ಮೆಕ್ಕೆಜೋಳದ ದುಡ್ಡು ಬಂದಾಗ 10,000 ಲೀಟರ್ ಸಂಪ್ ಕಟ್ಟಿಸಿದೆ. ಅರವತ್ತು ಸಾವಿರದ ಹತ್ತಿರ ಆಯಿತು, ಪೈಪು ಫಿಲ್ಟರಿಗೆ ಇನ್ನೊಂದು ಏಳೆಂಟು ಸಾವಿರ. ತಾರಸಿ ಸಾವಿರ ಚದರಡಿ ಇದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಕಡೆಯ ಬಡ ಮಳೆಯಲ್ಲೂ ಮೂವತ್ತು ಸಾವಿರ ಲೀಟರಿಗೆ ಮೋಸವಿಲ್ಲ. ಐದು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಸಾಕು. ಸ್ನಾನ, ಬಟ್ಟೆ, ದನಕ್ಕೆ ಬೋರ್ ನೀರೇ.

“ಏನಲೇ ತಮ್ಮಾ, ಮಾಳಿಗೆ ತೊಳೆದ ನೀರು ಕುಡೀತೀಯಾ?” ಎಂದರು ದೊಡ್ಡಪ್ಪ. ನೆಗಡಿ ಆಗುತ್ತೆ, ಹುಳ ಆಗುತ್ತೆ, ಸಪ್ಪೆ ನೀರಿಂದ ಶಕ್ತಿ ಹೋಗುತ್ತೆ ಅಂತ ಊರೆಲ್ಲ ಹೇಳಿತು. ಹುಳ ಆಗಲಿಲ್ಲ. ಮೊದಲ ಎರಡು ಮೂರು ಮಳೆ ಹೊರಗೆ ಬಿಡುತ್ತೇನೆ. ತಾರಸಿ ಮೇಲೆ ಕಾಳು ಒಣಗಿಸುವುದು, ಔಷಧಿ ಹೊಡೆಯುವ ಕ್ಯಾನ್ ಇಡುವುದು ಪೂರ್ತಿ ಬಂದ್. ಕೀಟನಾಶಕ ಸಂಪಿಗೆ ಇಳಿದರೆ ಒಂದು ವಿಷ ಬಿಟ್ಟು ಇನ್ನೊಂದು ಕುಡಿದ ಹಾಗೆ. ಬೆಳಕು ಬೀಳದಂತೆ ಸಂಪಿಗೆ ಒಂದು ಜೋಡಿ ಮುಚ್ಚಳ ನಾನೇ ಮಾಡಿಕೊಂಡಿದ್ದೇನೆ. ಅದನ್ನು ಬರೆದು ಹೇಳುವುದಿಲ್ಲ. ಕುಡಿಯುವ ನೀರನ್ನು ಕುದಿಸುತ್ತೇವೆ.

2016ರ ಬರದಲ್ಲಿ ಮಾರ್ಚಿಗೇ ಸಂಪ್ ಖಾಲಿ. ಜಗಳೂರಿನಿಂದ ಮೂವತ್ತು ರೂಪಾಯಿ ಕ್ಯಾನ್ ತಂದು ನಡೆಸಿದೆವು. ಅದೇ ಲೆಕ್ಕದಲ್ಲಿ ವರ್ಷವಿಡೀ ತಂದರೆ ಹದಿನಾರು ಸಾವಿರ! ಮರುವರ್ಷ ಸಾಲ ಮಾಡಿ ಇನ್ನೊಂದು 6,000 ಲೀಟರಿನ ಟ್ಯಾಂಕ್ ಸೇರಿಸಿದೆ. ನಲವತ್ತು ಸಾವಿರ ಆಯಿತು. ಆಮೇಲೆ ಒಂದು ಬೇಸಿಗೆಯೂ ನೀರು ಕೈಕೊಟ್ಟಿಲ್ಲ.

ಮಳೆನೀರಲ್ಲಿ ಕ್ಯಾಲ್ಸಿಯಂ ಇಲ್ಲ, ಹಾಗಾಗಿ ಊಟವೂ ಬದಲಾಗಬೇಕಿತ್ತು. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡನ್ನು ಅದು ಅಲ್ಲೇ ಹಿಡಿಯುತ್ತದೆ, ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ. ನಮ್ಮದು ಎರಡು ಹೊತ್ತೂ ಜೋಳದ ರೊಟ್ಟಿಯ ಮನೆ. ಎಪ್ಪತ್ತರ ದಶಕದಲ್ಲೇ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಅಕ್ಕಿಗಿಂತ ಜೋಳದ ಊಟದಲ್ಲಿ ಫ್ಲೋರೈಡ್ ಮೈಯಲ್ಲಿ ಜಾಸ್ತಿ ಉಳಿಯುತ್ತದೆ ಎಂದು ತೋರಿಸಿದ್ದರು. ರೊಟ್ಟಿ ಬಿಡಲು ಅವ್ವ ಒಪ್ಪಲಿಲ್ಲ. ರಾತ್ರಿಗೆ ಮಾತ್ರ ರಾಗಿ ಮುದ್ದೆ ಮಾಡಿಸಿದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ವಾರಕ್ಕೆ ಮೂರು ಸಲ ನುಗ್ಗೆಸೊಪ್ಪು, ದಿನಾ ಮಜ್ಜಿಗೆ, ನೆಲ್ಲಿಕಾಯಿ ಸಿಗುವಷ್ಟು ದಿನ ನೆಲ್ಲಿಕಾಯಿ. ಎಳ್ಳು, ನುಗ್ಗೆಸೊಪ್ಪಿನ ಪುಡಿ ಬೆರೆಸಿದ ಒಂದು ಚಟ್ನಿಪುಡಿ ಹೆಂಡತಿಯ ಕೈಗುಣ, ಪ್ರಮಾಣ ಅವಳು ಬಿಟ್ಟುಕೊಡುವುದಿಲ್ಲ. ಕಪ್ಪು ಉಪ್ಪಿನಲ್ಲೂ ಫ್ಲೋರೈಡ್ ಇರುತ್ತದೆಂದು ಅದನ್ನು ಬಿಟ್ಟೆವು. ಟೀ ಸೊಪ್ಪಿನಲ್ಲೇ ಫ್ಲೋರೈಡ್ ಇರುತ್ತದೆ. ದಿನಕ್ಕೆ ಐದಾರು ಕುಡಿಯುತ್ತಿದ್ದ ನಾನು ಎರಡಕ್ಕೆ ಇಳಿದೆ.

ಹುಣಸೆಹಣ್ಣಿನ ಪ್ರಯೋಗವೂ ಮಾಡಿದೆ. ಹುಣಸೆ ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಜಾಸ್ತಿ ಹೊರಬಿತ್ತು ಎಂದು ಅದೇ ಸಂಸ್ಥೆಯವರು 2002ರಲ್ಲಿ ಬರೆದಿದ್ದರು. ನಮ್ಮ ಸಾರಿಗೆ ಹುಣಸೆ ಇದ್ದೇ ಇತ್ತು, ಸ್ವಲ್ಪ ಹೆಚ್ಚಿಸಿದೆವು. ತುಳಸಿ ಎಲೆ ಹಾಕಿಟ್ಟರೆ ನೀರು ಶುದ್ಧ ಎಂದು ಯಾರೋ ಹೇಳಿದ್ದಕ್ಕೆ ಬಿಂದಿಗೆಯಲ್ಲಿ ಹಾಕಿ ಕಿಟ್‌ನಲ್ಲಿ ನೋಡಿದೆ, ಬಣ್ಣ ಕದಲಲಿಲ್ಲ. ನುಗ್ಗೆಬೀಜದ ಪುಡಿಯಿಂದ ಬಗ್ಗಡ ತಿಳಿಯಾಯಿತು, ಫ್ಲೋರೈಡ್ ಇದ್ದಷ್ಟೇ ಇತ್ತು. 2022ರಲ್ಲಿ, 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ, ಸಂಪ್ ತುಂಬಿ ಹರಿದ ನೀರನ್ನು ಬೋರ್ ಪಕ್ಕದ ಇಂಗುಗುಂಡಿಗೆ ತಿರುಗಿಸಿದೆ. ಬೋರ್ ನೀರು 3ರಿಂದ 2ರ ಹತ್ತಿರಕ್ಕೆ ಇಳಿಯಿತು. ಬೇಸಿಗೆಗೆ ಮತ್ತೆ ಏರಿತು. ಆ ಕೆಲಸ ಇನ್ನೂ ನಡೆದಿದೆ.

ಅವ್ವನ ಮೂತ್ರದ ಪರೀಕ್ಷೆಯಲ್ಲಿ ಫ್ಲೋರೈಡ್ ಮೊದಲು ಲೀಟರಿಗೆ 4 ಮಿಲಿಗ್ರಾಂ ಸುಮಾರಿಗಿತ್ತು, ವರ್ಷ ತುಂಬುವಾಗ ಒಂದೂವರೆ. ಬೆಳಿಗ್ಗೆ ಏಳುವಾಗಿನ ಮಂಡಿ ಬಿಗಿತ ನಿಧಾನಕ್ಕೆ ಕಡಿಮೆಯಾಯಿತು. ಬಾಗಿದ ಬೆನ್ನು ನೆಟ್ಟಗಾಗಲಿಲ್ಲ, ಆಗುವುದೂ ಇಲ್ಲ. ಮೂಳೆಯಲ್ಲಿ ಕೂತಿದ್ದು ಹೊರಬರಲು ವರ್ಷಗಳೇ ಬೇಕು.

ಮಗಳ ಹಾಲುಹಲ್ಲು ಬೆಳ್ಳಗಿದ್ದಾಗ ಹಾಲುಹಲ್ಲು ಎಲ್ಲರಿಗೂ ಬೆಳ್ಳಗೇ ಎಂದರು. ಅದು ಬಹುಮಟ್ಟಿಗೆ ನಿಜವೇ. ಶಾಶ್ವತ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಮೊದಲ ವರ್ಷಗಳಲ್ಲೇ ಕಲೆ ಹತ್ತುವುದು. ಎದೆಹಾಲಲ್ಲಿ ಫ್ಲೋರೈಡ್ ತೀರಾ ಕಡಿಮೆ, ತೊಂದರೆ ಶುರುವಾಗುವುದು ರಾಗಿ ಸರಿ ಕಲಸುವ ನೀರಿನಿಂದ. ಅವಳ ಸರಿಗೂ, ಅಂಗನವಾಡಿಗೆ ಕಳಿಸಿದ ಬಾಟಲಿಗೂ ಸಂಪಿನ ನೀರೇ ಹಾಕಿದೆವು. ಮುಂಭಾಗದ ನಾಲ್ಕು ಶಾಶ್ವತ ಹಲ್ಲು ಪೂರ್ತಿ ಬಂದಾಗ ದೊಡ್ಡಪ್ಪ ಅವಳ ಬಾಯಿ ತೆರೆಸಿ ನೋಡಿ, ತಮ್ಮ ಮೊಮ್ಮಗನ ಮನೆಗೆ ಮೇಸ್ತ್ರಿಯನ್ನು ಕರೆಸಿದರು.

ಎಲ್ಲ ಸೇರಿ ಒಂದು ಲಕ್ಷದ ಮೇಲೆ ಹತ್ತು ಹದಿನೈದು ಸಾವಿರ ಆಗಿರಬೇಕು. ಮನೆಯಲ್ಲಿ ಬಸುರಿಯೋ ಎಳೆಗೂಸೋ ಇದ್ದರೆ ದೊಡ್ಡ ಸಂಪಿಗೆ ಕಾಯಬೇಡಿ, 2,000 ಲೀಟರ್ ಸಿಂಟೆಕ್ಸ್‌ನಿಂದ ಶುರುಮಾಡಿ, ಮಗುವಿನ ಸರಿಗೆ, ಅನ್ನಕ್ಕೆ ಅದನ್ನೇ ಬಳಸಿ. ಸಂಪ್ ನೋಡಬೇಕೆನ್ನುವವರು ಮುಂಗಾರಿಗೆ ಮೊದಲು ಬನ್ನಿ. ಆಗ ಖಾಲಿ ಮಾಡಿ ತೊಳೆಯುತ್ತೇವೆ, ಮುಚ್ಚಳ ತೆಗೆದಿಟ್ಟಿರುತ್ತೇನೆ.