ಸ್ಟೀಮ್ ಸೇಲ್‌ನಲ್ಲಿ ಯಾವ ಗೇಮ್ ಕೊಳ್ಳೋದು? ನಾನು ನೋಡಿಕೊಂಡು ಬಂದ ರೀತಿ

ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಬೇಸಿಗೆ ಸೇಲ್ ನಮ್ಮಲ್ಲಿ ಶುರುವಾಗುವುದು ರಾತ್ರಿ ಹತ್ತೂವರೆಗೆ, ಡಿಸೆಂಬರಿನದು ಹನ್ನೊಂದೂವರೆಗೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಗಿನ ಹತ್ತು ಗಂಟೆ. ಆ ಹೊತ್ತಿಗೆ ಅಂಗಡಿಗೆ ಎಷ್ಟು ಜನ ನುಗ್ಗುತ್ತಾರೆಂದರೆ ಪುಟವೇ ತೆರೆಯುವುದಿಲ್ಲ. ನಾನು ಮೊದಲ ರಾತ್ರಿ ಏನನ್ನೂ ಕೊಳ್ಳುವುದಿಲ್ಲ. ಹಿಂದೆ ಕೆಲವೇ ಗಂಟೆ ಇದ್ದು ಮಾಯವಾಗುವ ಫ್ಲ್ಯಾಶ್ ಡೀಲ್‌ಗಳಿದ್ದವು, ಆಗ ಅವಸರಕ್ಕೊಂದು ಅರ್ಥವಿತ್ತು. ಈಗ ದೊಡ್ಡ ಸೇಲ್‌ಗಳಲ್ಲಿ ಮೊದಲ ದಿನ ಶೇ 75 ಕಡಿತ ಇದ್ದ ಗೇಮ್‌ಗೆ ಕೊನೆಯ ದಿನವೂ ಅಷ್ಟೇ ಕಡಿತ ಇರುತ್ತದೆ. ಯೋಚಿಸಲು ಬೇಕಾದಷ್ಟು ದಿನಗಳಿವೆ.

ಯೋಚನೆ ಎಲ್ಲಿಂದ ಶುರುವಾಗಬೇಕು ಎಂಬುದರಲ್ಲಿ ನನ್ನದು ಖಚಿತ ಅಭಿಪ್ರಾಯ: ಅಂಗಡಿಯ ಪುಟದಿಂದಲ್ಲ, ನಮ್ಮದೇ ಲೈಬ್ರರಿಯಿಂದ, ಅಂದರೆ ಆಗಲೇ ಕೊಂಡಿಟ್ಟ ಗೇಮ್‌ಗಳ ಪಟ್ಟಿಯಿಂದ. ಪ್ರತಿ ಗೇಮ್ ಎಷ್ಟು ಗಂಟೆ ಆಡಿದ್ದೇವೆ ಎಂಬ ಲೆಕ್ಕವನ್ನು ಸ್ಟೀಮ್ ಇಟ್ಟಿರುತ್ತದೆ. ಲೈಬ್ರರಿಯನ್ನು ಆಡಿದ ಗಂಟೆಗಳ ಪ್ರಕಾರ ಜೋಡಿಸಿ ನೋಡಿದರೆ ನಮ್ಮ ನಿಜವಾದ ರುಚಿ ಕಣ್ಣಿಗೆ ಕಾಣುತ್ತದೆ. ನನ್ನ ಪಟ್ಟಿಯ ಮೇಲ್ತುದಿಯಲ್ಲಿರುವುದು ಸ್ಲೇ ದ ಸ್ಪೈರ್, ಇನ್‌ಟು ದ ಬ್ರೀಚ್, ಹೇಡಿಸ್. ಮೊದಲನೆಯದು ಇಸ್ಪೀಟಿನ ಹಾಗೆ ಕಾರ್ಡ್ ಜೋಡಿಸುತ್ತ ಗೋಪುರ ಹತ್ತುವ ಆಟ. ಎರಡನೆಯದು ಎಂಟಕ್ಕೆ ಎಂಟು ಮನೆಗಳ ಹಾಸಿನ ಮೇಲೆ ನಡೆಸುವ ಪುಟ್ಟ ಯುದ್ಧ. ಮೂರನೆಯದರಲ್ಲಿ ಪಾತಾಳದಿಂದ ತಪ್ಪಿಸಿಕೊಳ್ಳಲು ಮತ್ತೆ ಮತ್ತೆ ಹೊರಡಬೇಕು. ಮೂರರಲ್ಲೂ ಒಂದು ಸುತ್ತು ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಕೆಲಸ ಮುಗಿಸಿ, ಊಟ ಮಾಡಿ, ಮಲಗುವ ಮುಂಚೆ ನನಗೆ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ಆ ಒಂದು ಗಂಟೆಗೆ ಈ ಆಟಗಳು ಸರಿಹೊಂದುತ್ತವೆ.

2015ರಲ್ಲಿ ಬಂದ ದ ವಿಚರ್ 3 ಅದ್ಭುತವಾದ ಆಟ, ಅದರಲ್ಲಿ ಎರಡು ಮಾತಿಲ್ಲ. ಅದರ ಮುಖ್ಯ ಕಥೆಯೊಂದಕ್ಕೇ ಐವತ್ತು ಗಂಟೆಯ ಆಸುಪಾಸು ಬೇಕು. ವಾರ ಬಿಟ್ಟು ಮತ್ತೆ ಕೂತರೆ ಯಾರು ಯಾರಿಗೆ ಏನಾಗಬೇಕು, ಯಾವ ಊರಿಗೆ ಹೊರಟಿದ್ದೆವು ಎಂಬುದು ಮರೆತಿರುತ್ತದೆ. ಹಾಗಾಗಿ ಅಂಥ ಗೇಮ್ ಎಷ್ಟೇ ಅಗ್ಗವಾದರೂ ದೀರ್ಘ ರಜೆ ಎದುರಿಗಿದ್ದರೆ ಮಾತ್ರ ಕೊಳ್ಳುತ್ತೇನೆ. ಕಥೆ ಎಷ್ಟು ಗಂಟೆಯದು ಎಂಬುದನ್ನು ಹೌ ಲಾಂಗ್ ಟು ಬೀಟ್ ಎಂಬ ತಾಣದಲ್ಲಿ ಮೊದಲೇ ನೋಡಿಕೊಳ್ಳಬಹುದು. ಕಾಲೇಜು ಹುಡುಗರಿಗೆ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಅವರಿಗೆ ಇನ್ನೂರು ಗಂಟೆಯ ಗೇಮ್ ವರವೇ ಸರಿ.

ಲೈಬ್ರರಿ ನೋಡಿದ ಮೇಲೆ ರಿವ್ಯೂಗಳು. ಹೆಸರಿನ ಕೆಳಗೆ ಕಾಣುವ 'ವೆರಿ ಪಾಸಿಟಿವ್', 'ಮಿಕ್ಸ್‌ಡ್' ಎಂಬ ಪಟ್ಟಿ ಬರೀ ಶೇಕಡಾವಾರು. ನೂರಕ್ಕೆ ಎಂಬತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಮೆಚ್ಚಿದರೆ ಸಾಮಾನ್ಯವಾಗಿ ವೆರಿ ಪಾಸಿಟಿವ್, ನಲವತ್ತರಿಂದ ಅರವತ್ತೊಂಬತ್ತರ ನಡುವೆ ಇದ್ದರೆ ಮಿಕ್ಸ್‌ಡ್. ಯಾಕೆ ಮೆಚ್ಚಿದರು, ಯಾಕೆ ಬೈದರು ಎಂಬುದು ಅದರಲ್ಲಿಲ್ಲ. ನಾನು ಮೊದಲು ತೆರೆಯುವುದು ನೆಗೆಟಿವ್ ರಿವ್ಯೂಗಳನ್ನು. ಅದರಲ್ಲೂ ಫಿಲ್ಟರ್‌ನಲ್ಲಿ ಆಡಿದ ಗಂಟೆಗಳನ್ನು ಏರಿಸಿ, ಹತ್ತಿಪ್ಪತ್ತು ಗಂಟೆಗಿಂತ ಹೆಚ್ಚು ಆಡಿದವರದನ್ನು ಮಾತ್ರ ಓದುತ್ತೇನೆ. ಅಷ್ಟು ಹೊತ್ತು ಆಡಿ ಆಮೇಲೆ ಬೇಡ ಅಂದವರ ಮಾತಿನಲ್ಲಿ ತೂಕ ಇರುತ್ತದೆ.

ಅಂಥ ರಿವ್ಯೂಗಳಲ್ಲಿ ಮೂರು ಬಗೆ ಕಾಣುತ್ತದೆ. 'ಅರ್ಧ ದಾಟಿದ ಮೇಲೆ ಹೊಸದೇನೂ ಇಲ್ಲ, ಅದೇ ಶತ್ರುಗಳು ಮತ್ತೆ ಮತ್ತೆ' ಅನ್ನುವುದು ಒಂದು. ಇದು ನನಗೆ ಬಹಳ ಮುಖ್ಯ, ಏಕೆಂದರೆ ಟ್ರೈಲರ್ ನೋಡಿ ಇದನ್ನು ಊಹಿಸಲು ಆಗುವುದಿಲ್ಲ. 'ನನ್ನ ಕಂಪ್ಯೂಟರ್‌ನಲ್ಲಿ ಕ್ರ್ಯಾಶ್ ಆಗುತ್ತದೆ' ಅನ್ನುವುದು ಇನ್ನೊಂದು. ಅವರ ಗ್ರಾಫಿಕ್ಸ್ ಕಾರ್ಡ್ ನನ್ನದರ ಹತ್ತಿರದ್ದಾದರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಮೂರನೆಯದು 'ತುಂಬಾ ನಿಧಾನ, ಬರೀ ಓದೋದೇ ಆಯ್ತು' ಎಂಬ ದೂರು. ನನಗೆ ಓದುವ ಆಟಗಳು ಇಷ್ಟ. ಹಾಗಾಗಿ ಅವರು ಬೈದ ಕಾರಣಕ್ಕೇ ನಾನು ಕೊಂಡ ಗೇಮ್‌ಗಳಿವೆ. ಇನ್ನೊಬ್ಬರಿಗೆ ಬೇಡವಾದದ್ದು ಏನೆಂದು ತಿಳಿದರೆ ನಮಗೆ ಬೇಕಾದದ್ದು ಹೌದೋ ಅಲ್ಲವೋ ಹೇಳಬಹುದು. 'ಸೂಪರ್ ಗೇಮ್' ಎಂಬ ಹೊಗಳಿಕೆಯಿಂದ ಆ ತೀರ್ಮಾನಕ್ಕೆ ಬರಲಾಗುವುದಿಲ್ಲ.

ರಿವ್ಯೂಗಳ ಮೇಲಿರುವ ಗ್ರಾಫನ್ನೂ ತಪ್ಪದೆ ನೋಡುತ್ತೇನೆ. ಎಲ್ಲೋ ಒಂದು ವಾರ ನೆಗೆಟಿವ್ ರಿವ್ಯೂಗಳ ಕೆಂಪು ಕಂಬ ಎತ್ತರಕ್ಕೆ ಎದ್ದಿದ್ದರೆ ಆಗ ಏನೋ ನಡೆದಿದೆ ಎಂದರ್ಥ. 2024ರ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2 ಆಡಲು ಪ್ಲೇಸ್ಟೇಷನ್ ಖಾತೆ ಕಡ್ಡಾಯ ಎಂದು ಸೋನಿ ಹೇಳಿದಾಗ ಕೆಲವೇ ದಿನಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನೆಗೆಟಿವ್ ರಿವ್ಯೂಗಳು ಬಿದ್ದವು, ಸೋನಿ ಹಿಂದೆ ಸರಿಯಿತು. ಆ ಕೆಂಪು ಆಟದ ಗುಣಕ್ಕೆ ಬಿದ್ದದ್ದಲ್ಲ. ತದ್ವಿರುದ್ಧ ಕಥೆ ನೋ ಮ್ಯಾನ್ಸ್ ಸ್ಕೈನದು. 2016ರಲ್ಲಿ ಬಿಡುಗಡೆಯಾದಾಗ ಜನ ಹಿಡಿಶಾಪ ಹಾಕಿದ್ದರು. ತಯಾರಕರು ವರ್ಷಗಟ್ಟಲೆ ಉಚಿತ ಅಪ್‌ಡೇಟ್ ಕೊಡುತ್ತ ಬಂದು, 2024ರಲ್ಲಿ ಒಟ್ಟಾರೆ ರಿವ್ಯೂ ವೆರಿ ಪಾಸಿಟಿವ್ ಮುಟ್ಟಿತು. ಹಾಗಾಗಿ ಒಟ್ಟು ಅಂಕಿಯ ಜೊತೆಗೆ ಕಳೆದ ಮೂವತ್ತು ದಿನಗಳ ಅಂಕಿಯನ್ನೂ ನೋಡಬೇಕು. ನಾವು ಕೊಳ್ಳುತ್ತಿರುವುದು ಇವತ್ತಿನ ಗೇಮನ್ನು.

'ಇವತ್ತಿನ ಗೇಮ್' ಅನ್ನುವುದು ಅರ್ಲಿ ಆಕ್ಸೆಸ್‌ನಲ್ಲಂತೂ ನನಗೆ ಕಟ್ಟುನಿಟ್ಟು. ಅರೆಬರೆ ಸಿದ್ಧವಾದ ಗೇಮನ್ನು ಮಾರುತ್ತ, ಆಡುವವರ ಸಲಹೆ ಕೇಳುತ್ತ ಮುಗಿಸುವ ಈ ಪದ್ಧತಿಯಿಂದಲೇ ಹೇಡಿಸ್ ಮತ್ತು ಬಾಲ್ಡರ್ಸ್ ಗೇಟ್ 3 ಬಂದದ್ದು. ಕರ್ಬಲ್ ಸ್ಪೇಸ್ ಪ್ರೋಗ್ರಾಂ 2 ಸಹ ಹಾಗೆಯೇ 2023ರ ಫೆಬ್ರವರಿಯಲ್ಲಿ ಬಂತು. ಮರುವರ್ಷ ಅದನ್ನು ಮಾಡುತ್ತಿದ್ದ ಸ್ಟುಡಿಯೋ ಮುಚ್ಚಿತು, ಆಟ ಅಲ್ಲಿಗೇ ನಿಂತಿತು. 2025ರಿಂದ ಸ್ಟೀಮ್ ಬಹಳ ಕಾಲ ಅಪ್‌ಡೇಟ್ ಕಾಣದ ಅರ್ಲಿ ಆಕ್ಸೆಸ್ ಗೇಮ್‌ಗಳ ಪುಟದಲ್ಲಿ ಎಚ್ಚರಿಕೆ ಹಾಕುತ್ತಿದೆ, ಒಳ್ಳೆಯದಾಯಿತು. ಮುಂದೆ ಏನೆಲ್ಲ ಸೇರಿಸುತ್ತೇವೆ ಎಂಬ ಪಟ್ಟಿಯನ್ನು ನಾನು ಓದುವುದೇ ಇಲ್ಲ. ಇವತ್ತು ಇರುವಷ್ಟಕ್ಕೆ ಈ ದುಡ್ಡು ಸರಿಯೇ ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ಆಮೇಲೆ ಯಂತ್ರದ ವಿಷಯ. ಗೇಮ್‌ನ ಪುಟದಲ್ಲಿ 'ಮಿನಿಮಮ್' ಎಂದು ಬರೆದಿರುವ ಕಂಪ್ಯೂಟರ್‌ನಲ್ಲಿ ಗೇಮ್ ತೆರೆದುಕೊಳ್ಳುತ್ತದೆ, ಆದರೆ ಚೆನ್ನಾಗಿ ಓಡುತ್ತದೆ ಎಂಬ ಭರವಸೆಯಿಲ್ಲ. ನಮ್ಮ ಲ್ಯಾಪ್‌ಟಾಪ್ 'ರೆಕಮೆಂಡೆಡ್' ಸಾಲಿಗೆ ಹತ್ತಿರ ಇದ್ದರೆ ನೆಮ್ಮದಿ. ಜಾಗವನ್ನೂ ನೋಡಿ: ಬಾಲ್ಡರ್ಸ್ ಗೇಟ್ 3ಕ್ಕೆ 150 ಜಿಬಿ ಬೇಕು, ಹಾಲೋ ನೈಟ್‌ಗೆ 9 ಜಿಬಿ ಸಾಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಡೌನ್‌ಲೋಡ್ ಮಾಡುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಇಷ್ಟಾದರೂ ಅನುಮಾನ ಉಳಿದರೆ ಡೆಮೊ, ಅಂದರೆ ಆಡಿ ನೋಡಲು ಕೊಡುವ ಉಚಿತ ತುಣುಕು, ಇದೆಯೇ ನೋಡುತ್ತೇನೆ. ವರ್ಷಕ್ಕೆ ಮೂರು ಸಲ ನಡೆಯುವ ಸ್ಟೀಮ್‌ನ ನೆಕ್ಸ್ಟ್ ಫೆಸ್ಟ್‌ನಲ್ಲಿ, ಇನ್ನೂ ಬಿಡುಗಡೆಯಾಗದ ಗೇಮ್‌ಗಳ ಡೆಮೊ ರಾಶಿ ರಾಶಿ ಸಿಗುತ್ತವೆ. ಡೆಮೊ ಇಲ್ಲದಿದ್ದರೆ ರಿಫಂಡ್ ಇದೆ: ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್. 2015ರಿಂದ ಈ ನಿಯಮ ಇದೆ. ಇದನ್ನು ಬಿಟ್ಟಿ ಆಡುವ ದಾರಿ ಮಾಡಿಕೊಳ್ಳಬಾರದು, ಹಾಗೆ ಮಾಡುವವರಿಗೆ ಸ್ಟೀಮ್ ರಿಫಂಡ್ ನಿಲ್ಲಿಸಬಹುದು. ಕೊಳ್ಳಲೇಬೇಕೆಂದು ತೀರ್ಮಾನಿಸಿ ಕೊಂಡ ಗೇಮ್‌ನ ಕೊನೆಯ ಪರೀಕ್ಷೆಯಾಗಿ ಅದನ್ನು ಬಳಸುತ್ತೇನೆ. ಮೊದಲ ಹತ್ತು ನಿಮಿಷ ಕಥೆಗೆ ಹೋಗದೆ ಸೆಟ್ಟಿಂಗ್ಸ್‌ನಲ್ಲಿ ಕೂರುತ್ತೇನೆ. ಅಕ್ಷರ ದೊಡ್ಡದು ಮಾಡಬಹುದೇ, ಕೀಲಿಗಳನ್ನು ಬದಲಿಸಬಹುದೇ, ಕಂಟ್ರೋಲರ್ ಹಿಡಿಯುತ್ತದೆಯೇ, ನಡುವೆ ಎಲ್ಲಿ ಬೇಕಾದರೂ ಸೇವ್ ಮಾಡಲು ಬಿಡುತ್ತದೆಯೇ. ಆಮೇಲೆ ಗಲಾಟೆ ಹೆಚ್ಚಿರುವ ಒಂದು ದೃಶ್ಯ ಬರುವವರೆಗೆ ಆಡಿ, ಆಟ ತಡವರಿಸುತ್ತದೆಯೇ, ಲ್ಯಾಪ್‌ಟಾಪ್ ಎಷ್ಟು ಬಿಸಿಯಾಗುತ್ತದೆ ಎಂದು ನೋಡುತ್ತೇನೆ. ಗೇಮ್ ತೆರೆದಿಟ್ಟು ಎದ್ದು ಹೋದರೂ ಆ ಎರಡು ಗಂಟೆ ಓಡುತ್ತಲೇ ಇರುತ್ತದೆ. ಊಟಕ್ಕೆ ಕರೆದರೆ ಮುಚ್ಚಿ ಏಳಿ.

ಬೆಲೆಯನ್ನು ನಾನು ಕೊನೆಗೆ ನೋಡುವುದು. 2015ರಿಂದ ಸ್ಟೀಮ್ ನಮಗೆ ರೂಪಾಯಿಯಲ್ಲಿ ಮಾರುತ್ತಿದೆ, ಈಗ ಯುಪಿಐನಲ್ಲೇ ಕಟ್ಟಬಹುದು. ರೂಪಾಯಿ ಬೆಲೆ ಎಷ್ಟೆಂದು ಇಡುವವರು ಆಯಾ ಪ್ರಕಾಶಕರು. ಕೆಲವರು ಇಲ್ಲಿನ ಜೇಬು ನೋಡಿ ಇಡುತ್ತಾರೆ, ಕೆಲವರು ಡಾಲರನ್ನು ಹಾಗೆಯೇ ಗುಣಿಸಿಬಿಡುತ್ತಾರೆ. ಶೇ 60 ಕಡಿತ ಎಂಬ ಹಸಿರು ಚೀಟಿಗಿಂತ, ಹಿಂದೆ ಅತಿ ಕಡಿಮೆ ಎಷ್ಟಕ್ಕೆ ಸಿಕ್ಕಿತ್ತು ಎಂಬುದೇ ನನಗೆ ಮುಖ್ಯ. ಸ್ಟೀಮ್‌ಡಿಬಿ ತಾಣದಲ್ಲಿ ಪ್ರತಿ ಗೇಮ್‌ನ ಬೆಲೆಯ ಚರಿತ್ರೆ ಇದೆ. ಡಿಎಲ್‌ಸಿ, ಅಂದರೆ ಬೇರೆಯಾಗಿ ಮಾರುವ ಹೆಚ್ಚುವರಿ ಭಾಗಗಳಿರುವ ಗೇಮ್ ಆದರೆ ಮೂಲ ಆಟವನ್ನಷ್ಟೇ ಕೊಳ್ಳುತ್ತೇನೆ. ಹಲವನ್ನು ಒಟ್ಟಿಗೆ ಮಾರುವ ಬಂಡಲ್‌ಗಳಲ್ಲಿ ನಮ್ಮ ಹತ್ತಿರ ಆಗಲೇ ಇರುವ ಗೇಮ್‌ನ ಬೆಲೆಯನ್ನು ಕಳೆದೇ ಲೆಕ್ಕ ಹಾಕುವುದರಿಂದ, ಮಿಕ್ಕದ್ದನ್ನು ಆಮೇಲೆ ಸೇರಿಸಿಕೊಂಡರೂ ಹೆಚ್ಚು ನಷ್ಟವಿಲ್ಲ.

ನಮ್ಮ ದೇಶದ ಗೇಮ್ ಎಂದರೆ ಮನಸ್ಸು ಸಹಜವಾಗಿ ವಾಲುತ್ತದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ ತಂದ 'ರಾಜಿ' ಎಂಬ ಗೇಮನ್ನು ನಾನು ಇದೇ ಅಳತೆಗಳಲ್ಲಿ ಅಳೆದೇ ಕೊಂಡೆ. ಚಿಕ್ಕ ಆಟ, ಕೆಲವು ಸಂಜೆಗಳಲ್ಲಿ ಮುಗಿಯುತ್ತದೆ. ಕಾದಾಟ ಇನ್ನೂ ಹದವಾಗಬೇಕಿತ್ತು ಎಂಬ ದೂರು ನೆಗೆಟಿವ್ ರಿವ್ಯೂಗಳಲ್ಲಿತ್ತು, ಆಡಿದಾಗ ನನಗೂ ಹಾಗೆಯೇ ಅನ್ನಿಸಿತು. ಆದರೆ ಅದರ ಕಥೆಯ ಭಾಗಗಳು ನೆರಳು ಗೊಂಬೆಯಾಟದ ರೂಪದಲ್ಲಿ ಬರುತ್ತವೆ. ತೊಗಲುಗೊಂಬೆ ಆಟ ನೋಡಿ ಬೆಳೆದವರಿಗೆ ಅದನ್ನು ಪರದೆಯ ಮೇಲೆ ಕಾಣುವ ಖುಷಿಯೇ ಬೇರೆ. ಆ ಖುಷಿಗೆ ಪೂರ್ತಿ ಬೆಲೆ ಕೊಡಬೇಕಾಗಿ ಬಂದಿದ್ದರೂ ಕೊಡುತ್ತಿದ್ದೆ.

ಇನ್ನು ಮನೆಯಲ್ಲಿ ಇಬ್ಬರು ಆಡುವವರಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅಕ್ಕನ ಮಗ ನಮ್ಮ ಮನೆಯಲ್ಲೇ ಇದ್ದು ಇಂಜಿನಿಯರಿಂಗ್ ಓದುತ್ತಿದ್ದಾನೆ. ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಒಂದೇ ಮನೆಯ ಆರು ಜನರವರೆಗೆ ಸೇರಿ ಎಲ್ಲರ ಗೇಮ್‌ಗಳನ್ನೂ ಹಂಚಿಕೊಳ್ಳಬಹುದು. ನಾನು ಹೇಡಿಸ್ ಆಡುವಾಗ ಅವನು ನನ್ನದೇ ಲೈಬ್ರರಿಯ ಬೇರೆ ಗೇಮ್ ಆಡಬಹುದು. ಒಂದೇ ಗೇಮನ್ನು ಇಬ್ಬರೂ ಒಟ್ಟಿಗೆ ಆಡಬೇಕೆಂದರೆ ಮಾತ್ರ ಎರಡು ಪ್ರತಿ ಬೇಕು. ಎಲ್ಲ ಪ್ರಕಾಶಕರೂ ಹಂಚಿಕೊಳ್ಳಲು ಬಿಡುವುದಿಲ್ಲ, ಅದನ್ನು ಕೊಳ್ಳುವ ಮುಂಚೆ ಗೇಮ್‌ನ ಪುಟದಲ್ಲಿ ಬಲಗಡೆ ನೋಡಿಕೊಳ್ಳಬೇಕು.

ಅವನು ಒಂದು ಸಂಜೆ ಫ್ಯಾಕ್ಟೋರಿಯೋದ ವಿಡಿಯೋ ತೋರಿಸಿದ. ಅದಿರು ಅಗೆದು, ಬೆಲ್ಟ್ ಹಾಕಿ, ದೊಡ್ಡ ಕಾರ್ಖಾನೆ ಕಟ್ಟುವ ಆಟ.

"ಮಾವ, ಈಗ ಬೇಡ, ಸೇಲ್ ಬರ್ಲಿ. ಆಗ ಅರ್ಧಕ್ಕೆ ಸಿಗುತ್ತೆ."

"ಇದಕ್ಕೆ ಸೇಲೇ ಬರಲ್ಲ ಕಣೋ. ಇಷ್ಟು ವರ್ಷದಲ್ಲಿ ಒಂದು ಸಲವೂ ಕಡಿತ ಕೊಟ್ಟಿಲ್ಲ. 2023ರಲ್ಲಿ ಮೂವತ್ತು ಡಾಲರ್ ಇದ್ದದ್ದನ್ನು ಮೂವತ್ತೈದು ಮಾಡಿದ್ದಾರೆ."

"ಹಾಗಾದ್ರೆ ಕಾದು ಏನು ಪ್ರಯೋಜನ?"

"ಏನೂ ಇಲ್ಲ. ಡೆಮೊ ಇದೆ, ಮೊದಲು ಅದನ್ನು ಆಡು."

ಡೆಮೊ ಹಾಕಿಕೊಟ್ಟೆ. ಅವನಿಗೆ ಹಿಡಿಸಿತು, ಪಕ್ಕದಲ್ಲಿ ಕೂತು ನೋಡಿದ ನನಗೂ ಹಿಡಿಸಿತು. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಒಟ್ಟಿಗೆ ಕೆಲಸ ಮಾಡಬೇಕು ಎಂಬ ಆಸೆ, ಆದ್ದರಿಂದ ಪೂರ್ತಿ ಬೆಲೆ ಕೊಟ್ಟು ಎರಡು ಪ್ರತಿ ಕೊಂಡೆವು. ಮುಂದೆ ಕೊಳ್ಳಲು ಗುರುತು ಹಾಕಿಟ್ಟ ವಿಶ್‌ಲಿಸ್ಟ್‌ನಲ್ಲಿದ್ದ ಇನ್ನು ಕೆಲವನ್ನು ಆವತ್ತೇ ತೆಗೆದುಹಾಕಿದೆವು, ಈ ವರ್ಷವಿಡೀ ಆಡಲು ಇದೊಂದೇ ಸಾಕು.