ಸಿ.ಎಫ್.ಆರ್.ಇ. ಪ್ರಮಾಣಪತ್ರ ಊರ್ಜಿತದಲ್ಲಿ ಇಟ್ಟುಕೊಳ್ಳುವ ಬಗೆ: ಕುಮಟಾದಲ್ಲಿ ಕೂತು ಪ್ರಪೋಸಲ್ ಬರೆಯುವವಳ ಸಲಹೆ

ವಕೀಲರಿಗೆ ಸನ್ನದು ಬೇಕು, ಲೆಕ್ಕ ತಪಾಸಣೆ ಮಾಡುವವರಿಗೆ ಸಿ.ಎ. ಆಗಿರಬೇಕು. ಸಂಘ ಸಂಸ್ಥೆಗಳಿಗೆ ಅನುದಾನ ಕೇಳುವ ಪ್ರಪೋಸಲ್ ಬರೆದುಕೊಡುವ ನಮ್ಮಂಥವರಿಗೆ ಅಂಥ ಯಾವ ಕಡ್ಡಾಯವೂ ಇಲ್ಲ. ಬರೆಯಲು ಬಂದರೆ ಸಾಕು, ಒಂದು ಪ್ರಾಜೆಕ್ಟ್ ಪಾಸಾದರೆ ಮುಂದಿನವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ. ಆದರೂ ಹೊರಗಿನ ಫೌಂಡೇಶನ್‌ಗಳ ಜೊತೆ ವ್ಯವಹರಿಸುವಾಗ ಹೆಸರಿನ ಮುಂದೆ ಒಂದು ಪ್ರಮಾಣಪತ್ರ ಇದ್ದರೆ ಮೊದಲ ಮಾತುಕತೆ ಹಗುರಾಗುತ್ತದೆ. ಹೆಚ್ಚು ಕೇಳಿಬರುವವು ಎರಡು. ಅಮೆರಿಕದ ಜಿ.ಪಿ.ಸಿ. (ಗ್ರಾಂಟ್ ಪ್ರೊಫೆಷನಲ್ ಸರ್ಟಿಫೈಡ್) ಬರೀ ಅನುದಾನದ ಕೆಲಸಕ್ಕೆ ಸಂಬಂಧಿಸಿದ್ದು. ಸಿ.ಎಫ್.ಆರ್.ಇ. (ಸರ್ಟಿಫೈಡ್ ಫಂಡ್ ರೈಸಿಂಗ್ ಎಕ್ಸಿಕ್ಯುಟಿವ್) ಒಟ್ಟಾರೆ ನಿಧಿ ಸಂಗ್ರಹಕ್ಕೆ, ಅದರೊಳಗೆ ಅನುದಾನವೂ ಒಂದು ಭಾಗ. ಎರಡನ್ನೂ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ನನ್ನ ಹತ್ತಿರ ಇರುವುದು ಸಿ.ಎಫ್.ಆರ್.ಇ., ಹಾಗಾಗಿ ಮಾತು ಅದರದ್ದೇ.

ಮೊದಲ ಸಲ ಇದಕ್ಕೆ 200 ಪ್ರಶ್ನೆಗಳ, ನಾಲ್ಕು ಗಂಟೆಯ ಪರೀಕ್ಷೆ ಬರೆಯಬೇಕು. ನವೀಕರಣಕ್ಕೆ ಪರೀಕ್ಷೆ ಇಲ್ಲ. ಕಲಿಕೆ, ವೃತ್ತಿಯಲ್ಲಿ ಇದ್ದ ಅವಧಿ, ಮಾಡಿದ ಕೆಲಸದ ಫಲ ಎಂಬ ಮೂರು ಬಾಬಿನಲ್ಲಿ ಅಂಕ ಜಮಾ ಆಗಿರಬೇಕು, ಅಷ್ಟೆ. ಯಾವ ಬಾಬಿಗೆ ಎಷ್ಟು ಅಂಕ ಎಂಬುದನ್ನು ಸಿ.ಎಫ್.ಆರ್.ಇ. ಜಾಲತಾಣದ ಕೈಪಿಡಿಯಿಂದ ಇವತ್ತೇ ಬರೆದಿಟ್ಟುಕೊಳ್ಳಿ. ಕೆಲಸದಲ್ಲಿ ಇರುವವರಿಗೆ ಕೊನೆಯ ಎರಡು ಬಾಬು ತಾವಾಗಿಯೇ ತುಂಬುತ್ತವೆ. ಹಿಂದೆ ಬೀಳುವುದು ಕಲಿಕೆಯ ಬಾಬಿನಲ್ಲಿ. ಪಾಠ ಕೇಳಿದ ಒಂದು ಗಂಟೆಗೆ ಒಂದು ಅಂಕ. ಚಹಾ, ಊಟ, ಸ್ವಾಗತ, ವಂದನಾರ್ಪಣೆ ಯಾವುದೂ ಲೆಕ್ಕಕ್ಕಿಲ್ಲ. ನಮ್ಮ ಕಡೆಯ ಕಾರ್ಯಾಗಾರಗಳಲ್ಲಿ ಅದನ್ನೆಲ್ಲ ಕಳೆದರೆ ಎಷ್ಟು ಉಳಿಯುತ್ತದೆ ಎಂದು ನಿಮಗೇ ಗೊತ್ತು.

ಹೆಚ್ಚಿನವರು ಮೂರನೆಯ ವರ್ಷದ ಕೊನೆಗೆ ಎಚ್ಚೆತ್ತು, ಸಿಕ್ಕಿದ ವೆಬಿನಾರಿಗೆಲ್ಲ ಹೆಸರು ಕೊಡುತ್ತಾರೆ. ಅಂಕ ಸಿಗುತ್ತದೆ, ತಲೆಗೆ ಏನೂ ಹತ್ತುವುದಿಲ್ಲ. ನನ್ನ ಕ್ರಮ ಬೇರೆ. ಏನು ಕಲಿಯಬೇಕು ಎಂಬುದನ್ನು ಕೋರ್ಸುಗಳ ಪಟ್ಟಿ ನೋಡಿ ತೀರ್ಮಾನಿಸುವುದಿಲ್ಲ, ತಿರಸ್ಕೃತವಾಗಿ ಬಂದ ಪ್ರಪೋಸಲ್‌ಗಳನ್ನು ಎದುರಿಗೆ ಹರಡಿಕೊಂಡು ತೀರ್ಮಾನಿಸುತ್ತೇನೆ. ದಾನಿಗಳು ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಒಂದೇ ಪ್ರಶ್ನೆ ಬೇರೆ ಬೇರೆ ಕಡೆಯಿಂದ ಬಂದಿದ್ದರೆ ನಿಮ್ಮ ಮುಂದಿನ ಕೋರ್ಸು ಅದೇ.

ಅಘನಾಶಿನಿ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ತೆಗೆಯುವ ಹೆಂಗಸರ ಜೀವನೋಪಾಯದ ಬಗ್ಗೆ ಬರೆಯುತ್ತೀರಿ ಎನ್ನಿ. 2024ರಲ್ಲಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಇಲ್ಲಿಯ ಪ್ರಾಜೆಕ್ಟುಗಳಿಗೆ ಕಿವಿಗೊಡುವವರು ಸಿಗುತ್ತಾರೆ. ಆದರೆ "ಇಷ್ಟು ಮಂದಿಗೆ ತರಬೇತಿ, ಇಷ್ಟು ಸಭೆ" ಎಂದು ಬರೆದರೆ ಅವರು ಮತ್ತೆ ಕೇಳುವುದು ಇದನ್ನೇ: ತರಬೇತಿ ಆದ ಮೇಲೆ ಏನು ಬದಲಾಯಿತು? ಶುರುವಿನಲ್ಲಿ ಸ್ಥಿತಿ ಹೇಗಿತ್ತು, ಅಳೆದಿದ್ದೀರಾ? ಒಬ್ಬ ಹೆಂಗಸಿಗೆ ಒಂದು ಭರತ ಇಳಿತದಲ್ಲಿ ಎಷ್ಟು ಬಳಚು ಸಿಗುತ್ತದೆ, ದಲ್ಲಾಳಿ ಯಾವ ದರಕ್ಕೆ ಒಯ್ಯುತ್ತಾನೆ, ಮಳೆಗಾಲದಲ್ಲಿ ಅವಳ ಮನೆ ಹೇಗೆ ನಡೆಯುತ್ತದೆ ಎಂಬುದು ಪ್ರಾಜೆಕ್ಟು ಶುರುವಾಗುವ ಮೊದಲೇ ಕಾಗದದ ಮೇಲೆ ಇರಬೇಕು. ಹಾಗೆ ಅಳೆಯುವುದನ್ನು, ಆ ಅಳತೆಯನ್ನು ಲಾಗ್‌ಫ್ರೇಮಿನಲ್ಲಿ (ಗುರಿ, ಕೆಲಸ, ಫಲ, ಅಳತೆಗಳನ್ನು ಜೋಡಿಸಿ ತೋರಿಸುವ ಕೋಷ್ಟಕದಲ್ಲಿ) ಕೂರಿಸುವುದನ್ನು ಕಲಿಸುವ ಕೋರ್ಸು ಹಿಡಿದರೆ ಅಂಕವೂ ಆಯಿತು, ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕಗ್ಗ ಭತ್ತದ ಬಗ್ಗೆ ಬರೆಯುವ ಮುಂದಿನ ಪ್ರಪೋಸಲ್‌ಗೂ ದಾರಿಯಾಯಿತು. "ಆಕರ್ಷಕ ಶೀರ್ಷಿಕೆ ಬರೆಯುವುದು ಹೇಗೆ" ಎಂಬಂಥ ವೆಬಿನಾರುಗಳನ್ನು ನಾನು ಬಿಟ್ಟುಬಿಡುತ್ತೇನೆ. ಶೀರ್ಷಿಕೆ ಚೆನ್ನಾಗಿಲ್ಲ ಎಂದು ಯಾರ ಪ್ರಾಜೆಕ್ಟೂ ಬಿದ್ದದ್ದು ನಾನು ಕಂಡಿಲ್ಲ.

ಕಲಿಕೆಯ ಒಂದು ಪಾಲನ್ನು ಕಾನೂನಿಗೆ ಎತ್ತಿಡಿ. ನಮ್ಮ ವೃತ್ತಿಯಲ್ಲಿ ಹಳೆ ತಿಳಿವಳಿಕೆ ಬೇಗ ಹಳಸುವುದು ಇಲ್ಲೇ. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದು, ಆಡಳಿತ ಖರ್ಚಿನ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಹೊರಗಿನ ಹಣ ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಎಂದಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಆ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವುದೇ ನಿಂತಿತು. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ವಿದೇಶಿ ಅನುದಾನ ತಂದು ಶಿರಸಿ, ಯಲ್ಲಾಪುರದ ಸಣ್ಣ ಸಂಸ್ಥೆಗಳಿಗೆ ಹಂಚುವ ಹಳೆಯ ಮಾದರಿಯ ಬಜೆಟ್ ಈಗ ಬರೆದರೆ ಅದು ಕಾನೂನಿಗೇ ವಿರುದ್ಧ. ಕಂಪನಿಗಳ ಸಿ.ಎಸ್.ಆರ್. (ಸಾಮಾಜಿಕ ಹೊಣೆಗಾರಿಕೆಯ) ಹಣಕ್ಕೆ 2021ರ ಏಪ್ರಿಲ್‌ನಿಂದ ಸಂಸ್ಥೆಗೆ ಸಿ.ಎಸ್.ಆರ್.-1 ನೋಂದಣಿ ಬೇಕು. ಅದೇ ವರ್ಷದಿಂದ ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿಗಳೂ ಒಮ್ಮೆ ಮಾಡಿಸಿದರೆ ಶಾಶ್ವತ ಎನ್ನುವ ಕಾಲ ಮುಗಿದು, ಅವಧಿ ನೋಡಿ ನವೀಕರಿಸುವ ಹಾಗಾಯಿತು. ನಿಯಮಗಳು ಆಮೇಲೂ ಬದಲಾಗುತ್ತಲೇ ಇವೆ. ಇಂಥ ವಿಷಯಕ್ಕೆ ಅಮೆರಿಕದ ಪಾಠ ಉಪಯೋಗವಿಲ್ಲ, ದೇಶದೊಳಗಿನ ತರಬೇತಿಯನ್ನೇ ಹುಡುಕಿ. ಸೇರುವ ಮೊದಲು ಅದರ ವಿಷಯ ಸಿ.ಎಫ್.ಆರ್.ಇ. ಪಠ್ಯರೂಪುರೇಷೆಯ ಯಾವ ಭಾಗಕ್ಕೆ ಹೊಂದುತ್ತದೆ ಎಂದು ನೋಡಿ ಒಂದು ಸಾಲು ಬರೆದಿಟ್ಟುಕೊಳ್ಳಿ. ಒಂದು ಸಾಲೂ ಹೊಳೆಯದಿದ್ದರೆ ಆ ತರಬೇತಿಯನ್ನು ಅಂಕದ ಲೆಕ್ಕಕ್ಕೆ ತರಬೇಡಿ.

ಇನ್ನು ಸಮಯದ ತಾಪತ್ರಯ. ಅಮೆರಿಕದ ಪೂರ್ವ ಭಾಗದಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಶುರುವಾಗುವ ವೆಬಿನಾರು ನಮಗೆ ರಾತ್ರಿ ಹತ್ತೂವರೆಗೆ. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಡುತ್ತಾರೆ. ಅಲ್ಲಿಂದ ಮಾರ್ಚಿನ ಎರಡನೆಯ ಭಾನುವಾರದವರೆಗೆ ಅದೇ ಪಾಠ ನಮಗೆ ಹನ್ನೊಂದೂವರೆಗೆ. ಅಂದರೆ ಹತ್ತೂವರೆಯ ಅನುಕೂಲ ಇರುವ ತಿಂಗಳುಗಳಲ್ಲೇ ನಮ್ಮಲ್ಲಿ ಮಳೆ, ಮತ್ತು ಮಳೆ ಎಂದರೆ ಕರೆಂಟಿಲ್ಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಇನ್ವರ್ಟರೂ ಕೈಕೊಡುವಷ್ಟು ಹೊತ್ತು ಕತ್ತಲೆ. ಹಾಗಾಗಿ ನೇರ ಪ್ರಸಾರದ ಪಾಠಗಳನ್ನೆಲ್ಲ ನಾನು ನವೆಂಬರಿನಿಂದ ಮಾರ್ಚಿನೊಳಗೆ ಇಟ್ಟುಕೊಳ್ಳುತ್ತೇನೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರಿಗೆ ಹನ್ನೊಂದೂವರೆ ಏನು ಮಹಾ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬೇಕಾದಾಗ ನೋಡಬಹುದಾದ ರೆಕಾರ್ಡ್ ಪಾಠಗಳು. ಅವಕ್ಕೆ ಹಾಜರಾತಿ ಪತ್ರ ಕೊಡುತ್ತಾರೋ ಇಲ್ಲವೋ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿಕೊಳ್ಳಿ. ಡಾಲರಿನಲ್ಲಿ ಕಟ್ಟುವುದಾದರೆ ಕಾರ್ಡಿನ ಅಂತರರಾಷ್ಟ್ರೀಯ ವ್ಯವಹಾರವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ, ಕೆಲಸ ಮುಗಿದ ಕೂಡಲೇ ಆಫ್ ಮಾಡಿ.

ಪಾಠ ಕೇಳುವುದರಿಂದ ಮಾತ್ರವಲ್ಲ, ಪಾಠ ಮಾಡುವುದರಿಂದಲೂ ಅಂಕ ಬರುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಇದೇ. ಸ್ವಸಹಾಯ ಸಂಘಗಳ ಒಕ್ಕೂಟಕ್ಕೋ, ಗ್ರಾಮ ಅರಣ್ಯ ಸಮಿತಿಯವರಿಗೋ ಬಜೆಟ್ ಬರೆಯುವುದನ್ನು ಅರ್ಧ ದಿನ ಕಲಿಸಿ ನೋಡಿ. ಅಪ್ಪೆಮಿಡಿ ಉಪ್ಪಿನಕಾಯಿ ಘಟಕದ ಹೆಂಗಸರು "ಭರಣಿ ಯಾವ ಬಾಬಿಗೆ, ಉಪ್ಪು ಯಾವ ಬಾಬಿಗೆ" ಎಂದು ಕೇಳಿದಾಗ ಬಂಡವಾಳ ಖರ್ಚಿಗೂ ಚಾಲ್ತಿ ಖರ್ಚಿಗೂ ಇರುವ ಅಂತರ ಹೇಳುವವರಿಗೇ ಸ್ಪಷ್ಟವಾಗುತ್ತದೆ. ಕಾರ್ಯಕ್ರಮ ಮುಗಿದ ದಿನವೇ ಸಂಘಟಕರಿಂದ ಪತ್ರ ಪಡೆಯಿರಿ. ಅದರಲ್ಲಿ ನಿಮ್ಮ ಹೆಸರು, ದಿನಾಂಕ, ವಿಷಯ, ಪಾಠ ಮಾಡಿದ ಗಂಟೆ, ಸಹಿ ಮತ್ತು ಮೊಹರು ಇರಲಿ. ಪತ್ರ ಕನ್ನಡದಲ್ಲಿದ್ದರೆ ಕೆಳಗೆ ಇಂಗ್ಲಿಷಿನಲ್ಲಿ ಸಾರಾಂಶ ಸೇರಿಸಿ. "ಕಳಿಸಿಕೊಡ್ತೇವೆ, ನೀವು ಹೊರಡಿ" ಎಂದರೆ ಹೊರಡಬೇಡಿ.

ದಾಖಲೆ ಇಡುವ ವಿಷಯದಲ್ಲಿ ಕರಾವಳಿಯವರಿಗೆ ಒಂದು ಹೆಚ್ಚಿನ ಕಾಟ ಇದೆ. ಆಷಾಢದಲ್ಲಿ ಕಪಾಟಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಪತ್ರ ಕೈಗೆ ಬಂದ ಸಂಜೆಯೇ ಸ್ಕ್ಯಾನ್ ಮಾಡಿ, ದಿನಾಂಕ ಮತ್ತು ಗಂಟೆಯನ್ನು ಹೆಸರಿನಲ್ಲೇ ಸೇರಿಸಿ ಡ್ರೈವಿಗೆ ಹಾಕಿ. ಸಿ.ಎಫ್.ಆರ್.ಇ. ಜಾಲತಾಣದಲ್ಲಿರುವ ನಿಮ್ಮ ಅರ್ಜಿಯಲ್ಲಿ ಆಗಿಂದಾಗ್ಗೆ ತುಂಬುತ್ತ ಹೋಗಬಹುದು, ಅದನ್ನೂ ಆ ಸಂಜೆಯೇ ಮುಗಿಸಿ. ಮಂಜೂರಾತಿ ಪತ್ರಗಳನ್ನೂ ಹೀಗೆಯೇ ಇಡಿ. ಕೆಲಸದ ಫಲದ ಬಾಬಿಗೆ ತಂದ ಹಣದ ಲೆಕ್ಕ ಬೇಕಾಗುತ್ತದೆ.

ಶೀಲಸಂಹಿತೆಯನ್ನು ಬೇರೆ ಪಾಠವಾಗಿ ಒಮ್ಮೆಯಾದರೂ ಕೇಳಿ. ನಮ್ಮಲ್ಲಿ ಅದು ಪ್ರಶ್ನೆಯಾಗಿ ಎದುರು ನಿಲ್ಲುವುದು ಹೀಗೆ: "ಅಕ್ಕೋರೆ, ಈಗ ಕೊಡ್ಲಿಕ್ಕೆ ದುಡ್ಡಿಲ್ಲ. ಪ್ರಾಜೆಕ್ಟು ಪಾಸಾದ್ರೆ ಹತ್ತು ಪರ್ಸೆಂಟ್ ನಿಮ್ಗೇ." ಕೇಳುವವರ ಮನಸ್ಸಿನಲ್ಲಿ ಕಪಟವಿಲ್ಲ, ನಿಜಕ್ಕೂ ಅವರ ಖಾತೆಯಲ್ಲಿ ದುಡ್ಡಿರುವುದಿಲ್ಲ. ಆದರೆ ಗ್ರಾಂಟ್ ಪ್ರೊಫೆಷನಲ್ಸ್ ಅಸೋಸಿಯೇಶನ್ನಿನ ಸಂಹಿತೆಯೂ ಅಸೋಸಿಯೇಶನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಷನಲ್ಸ್‌ನ ಸಂಹಿತೆಯೂ ತಂದ ಹಣದಲ್ಲಿ ಪರ್ಸೆಂಟೇಜ್ ತೆಗೆದುಕೊಳ್ಳಬಾರದು ಎನ್ನುತ್ತವೆ. ಕಾರಣ ಸರಳ. ದಾನಿ ಕೊಟ್ಟದ್ದು ಬಳಚು ತೆಗೆಯುವವರಿಗೆ, ಬರೆದವರಿಗಲ್ಲ. ಪರ್ಸೆಂಟೇಜ್ ಆಸೆಗೆ ಬಿದ್ದರೆ ಬಜೆಟ್ ಉಬ್ಬುತ್ತ ಹೋಗುವುದೂ ಖಂಡಿತ. ನನ್ನ ಉತ್ತರ ಯಾವಾಗಲೂ ಒಂದೇ: ದಿನದ ಲೆಕ್ಕದಲ್ಲಿ ಫೀಸು, ಪಾಸಾದರೂ ಆಗದಿದ್ದರೂ ಅಷ್ಟೇ, ಬೇಕಿದ್ದರೆ ಕಂತಿನಲ್ಲಿ ಕೊಡಿ. ತೀರಾ ಸಣ್ಣ ಸಂಘವಾದರೆ ಪುಕ್ಕಟೆ ಬರೆದುಕೊಡುತ್ತೇನೆ, ಆದರೆ ಪರ್ಸೆಂಟೇಜಿಗೆ ಬರೆಯುವುದಿಲ್ಲ.

ಸಂಬಳಕ್ಕೆ ಇರುವವರು ಕೋರ್ಸಿನ ಫೀಸನ್ನು ಟ್ರಸ್ಟಿಗಳ ಹತ್ತಿರ ಕೇಳಲು ಸಂಕೋಚ ಪಡಬೇಡಿ. "ನನ್ನ ಸರ್ಟಿಫಿಕೇಟಿಗೆ" ಎಂದು ಕೇಳಿದರೆ ಸಿಗುವುದಿಲ್ಲ. "ಕಳೆದ ಸಲ ದಾನಿ ಕೇಳಿದ ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ, ಈ ಕೋರ್ಸಿನಲ್ಲಿ ಅದನ್ನು ಕಲಿಸುತ್ತಾರೆ" ಎಂದು ಪ್ರಶ್ನೆಗಳ ಆ ಹಾಳೆಯನ್ನೇ ಮುಂದಿಟ್ಟು ಕೇಳಿ. ಬಜೆಟ್ ವರ್ಷ ಶುರುವಾಗುವ ಮೊದಲು, ಫೆಬ್ರವರಿಯಲ್ಲೇ ಕೇಳಿ.

ಕೊನೆಗೊಂದು ಸಣ್ಣ ಕೆಲಸ. ಸಿ.ಎಫ್.ಆರ್.ಇ. ಖಾತೆಯಲ್ಲಿ ಸಂಸ್ಥೆಯ ಇ-ಮೇಲ್ ಕೊಟ್ಟಿದ್ದರೆ ತೆಗೆದು ನಿಮ್ಮ ಸ್ವಂತದ್ದು ಹಾಕಿ. ನಮ್ಮ ಕ್ಷೇತ್ರದಲ್ಲಿ ಪ್ರಾಜೆಕ್ಟು ಮುಗಿದರೆ ನೌಕರಿಯೂ ಮುಗಿಯುತ್ತದೆ. ನವೀಕರಣದ ಸೂಚನೆ ಹಳೆ ಆಫೀಸಿನ ಡಬ್ಬಿಗೆ ಹೋಗಿ ಬಿದ್ದರೆ ಅದನ್ನು ನಿಮಗೆ ತಲುಪಿಸುವವರು ಯಾರೂ ಇರುವುದಿಲ್ಲ.